ಚಿತ್ರದೊಳಗಿನ ಉಂಗುರ

ಊರಿನ ಕಲಾ ಮ್ಯೂಸಿಯಂನ ಬಾಗಿಲ ಪಕ್ಕದ ಹಲಗೆಯಲ್ಲಿ ಮುಂದಿನ ಪ್ರದರ್ಶನಗಳ ಹೆಸರುಗಳಿದ್ದವು. ಮೊದಲನೆಯದು ‘ನಮ್ಮ ಮನೆಯ ಗೋಡೆ’, ಆಮೇಲೆ ಮಕ್ಕಳ ಮಣ್ಣಿನ ಕೆಲಸ, ಅದಾದ ಮೇಲೆ ಹಳೆಯ ಜವಳಿ. ಮೊದಲನೆಯದು ಗೆದ್ದರಷ್ಟೇ ಉಳಿದವಕ್ಕೆ ಜಾಗ ಎಂಬ ಮಾತು ಹಲಗೆಯಲ್ಲಿರಲಿಲ್ಲ, ಆದರೆ ಊರಿಗೆ ಗೊತ್ತಿತ್ತು. ಬೆರಳೆಣಿಕೆಯ ಜನರೂ ಬಾರದ ಕಟ್ಟಡವನ್ನು ಹಳೆಯ ಕಡತಗಳ ಉಗ್ರಾಣ ಮಾಡುವ ಯೋಚನೆ ನಗರಸಭೆಯದು. ಮ್ಯೂಸಿಯಂನ ನಿರ್ದೇಶಕಿ ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಅವರು ಊರಿನವರಿಂದ ದೇಣಿಗೆ ಕೇಳಲಿಲ್ಲ. ಮನೆಯಲ್ಲಿ ತೂಗುಹಾಕಿದ ಚಿತ್ರ ಕೇಳಿದರು. ಅಜ್ಜಿಯ ಚಿತ್ರ ಮ್ಯೂಸಿಯಂನಲ್ಲಿದೆ ಎಂದರೆ ಮೊಮ್ಮಕ್ಕಳು ಬರುತ್ತಾರೆ, ನೆಂಟರು ಬರುತ್ತಾರೆ, ಹೊಟ್ಟೆಕಿಚ್ಚಿನ ನೆರೆಯವರಂತೂ ತಪ್ಪದೆ ಬರುತ್ತಾರೆ ಎಂಬುದು ಅವರ ಅಂದಾಜು.

ಅಂದಾಜು ಸುಳ್ಳಾಗಲಿಲ್ಲ. ಹಳೆಯ ಹಾಸಿಗೆ ಹೊದಿಕೆಗಳಲ್ಲಿ ಸುತ್ತಿಕೊಂಡು, ತಳ್ಳುಗಾಡಿಯಲ್ಲಿ ಇಟ್ಟುಕೊಂಡು, ಬಸ್ಸಿನಲ್ಲಿ ತೊಡೆಯ ಮೇಲೆ ನಿಲ್ಲಿಸಿಕೊಂಡು ಜನ ಚಿತ್ರ ತಂದರು. ಮಾರುಕಟ್ಟೆ ಬೀದಿಯಲ್ಲಿ ಕನ್ನಡಕದ ಅಂಗಡಿ ನಡೆಸುವ ಹೆಂಗಸು ತನ್ನ ತಾಯಿಯ ತೈಲಚಿತ್ರ ತಂದುಕೊಟ್ಟಳು. ಅಂಗಡಿಗೆ ಬರುವವರಿಗೆ ಅವಳು ‘ಕನ್ನಡಕದ ಮೇಡಂ’. ಮನೆಯ ಲೆಕ್ಕದಲ್ಲಿ ಇಬ್ಬರು ಹೆಣ್ಣುಮಕ್ಕಳಲ್ಲಿ ಕಿರಿಯಳು, ತಂಗಿ. ಆದರೆ ಅಕ್ಕನಿಗೂ ಅವಳಿಗೂ ಮಾತು ನಿಂತು ವರ್ಷಗಳಾಗಿದ್ದವು.

ಮಾತು ನಿಂತ ಕಾರಣ ಆ ಚಿತ್ರದಲ್ಲೇ ಇತ್ತು. ತಾಯಿ ಕೆತ್ತನೆಯ ಕುರ್ಚಿಯಲ್ಲಿ ಕೂತಿದ್ದಾಳೆ. ಹೆಗಲ ಮೇಲೆ ಹಸಿರು ಶಾಲು. ಬಲಗೈ ಮೇಲೆ ಎಡಗೈ. ಎಡಗೈಯ ನಡುಬೆರಳಲ್ಲಿ ಕೆಂಪು ಹರಳಿನ ಉಂಗುರ. ತಂಗಿಗೆ ಹಾಲುಹಲ್ಲು ಬೀಳುತ್ತಿದ್ದ ವಯಸ್ಸಿನಲ್ಲಿ ತಾಯಿ ಜ್ವರದಿಂದ ತೀರಿಕೊಂಡಳು. ತಂದೆ ಊರಿನ ಚಿತ್ರಗಾರನಿಂದ ಈ ಚಿತ್ರ ಬರೆಸಿದರು. ಮುಂದೆ ತಂದೆಯೂ ತೀರಿಕೊಂಡು ಮನೆ ಖಾಲಿ ಮಾಡುವಾಗ ಪಾತ್ರೆ, ಪೆಟ್ಟಿಗೆ, ಹೊಲಿಗೆ ಯಂತ್ರ ಎಲ್ಲ ಸಿಕ್ಕವು, ಉಂಗುರ ಸಿಗಲಿಲ್ಲ. ತಂಗಿ ಕೇಳಿದಳು: “ಅಮ್ಮನ ಉಂಗುರ ಎಲ್ಲಿ?” ಅಕ್ಕ ತಿರುಗಿ ಕೇಳಿದಳು: “ನನ್ನನ್ನ ಕೇಳ್ತೀಯಾ?” ಆಮೇಲೆ ಇಬ್ಬರೂ ಹೇಳಬಾರದ್ದನ್ನು ಹೇಳಿದರು. ಚಿತ್ರ ತಂಗಿಯ ಪಾಲಿಗೆ ಬಂತು. ಅಂದಿನಿಂದ ನೆಂಟರ ಮನೆಯ ಊಟದಲ್ಲಿ ಒಬ್ಬಳು ಕಿಟಕಿ ಪಕ್ಕ ಕೂತರೆ ಇನ್ನೊಬ್ಬಳು ಅಡುಗೆಮನೆ ಬಾಗಿಲ ಪಕ್ಕ ಕೂರುತ್ತಿದ್ದಳು.

ಅಕ್ಕನೇ ಉಂಗುರ ತೆಗೆದುಕೊಂಡಿದ್ದಾಳೆ ಎಂಬುದರಲ್ಲಿ ತಂಗಿಗೆ ಅನುಮಾನವಿರಲಿಲ್ಲ. ಉಂಗುರ ಅವಳಿಗೆ ಚಿತ್ರದಿಂದ ಮಾತ್ರ ಗೊತ್ತಿದ್ದದ್ದಲ್ಲ. ಶಾಲೆಗೆ ಹೊರಡುವ ಮುಂಚೆ ತಾಯಿ ಮುಖ ಒರೆಸುವಾಗ ಕೆನ್ನೆಗೆ ತಣ್ಣಗೆ, ಗಟ್ಟಿಯಾಗಿ ಏನೋ ತಾಗುತ್ತಿದ್ದದ್ದು ನೆನಪಿತ್ತು. ತಾಯಿಯ ಬಗ್ಗೆ ಅವಳಲ್ಲಿ ಉಳಿದಿದ್ದ ನೆನಪು ಬಹುಪಾಲು ಅದೊಂದೇ.

ಪ್ರದರ್ಶನ ಶುರುವಾಗುವ ಮುನ್ನ, ಚಿತ್ರದ ಕೆಳಗಿನ ಹೆಸರು ಸರಿಯಿದೆಯೇ ನೋಡಿ ಹೋಗಿ ಎಂದು ಮ್ಯೂಸಿಯಂನಿಂದ ಫೋನ್ ಬಂತು. ತಂಗಿ ಮಧ್ಯಾಹ್ನ ಅಂಗಡಿಯ ಬಾಗಿಲೆಳೆದು ಹೊರಟಳು.

ದೊಡ್ಡ ಕೋಣೆಯಲ್ಲಿ ಬಡಗಿ ಏಣಿಯ ಮೇಲೆ ನಿಂತು ಮೊಳೆ ಹೊಡೆಯುತ್ತಿದ್ದ. ಕೆಲವು ಚಿತ್ರಗಳು ಗೋಡೆ ಏರಿದ್ದವು, ಕೆಲವು ನೆಲದ ಮೇಲೆ ಒರಗಿದ್ದವು. ಅವಳ ತಾಯಿ ಆಗಲೇ ಗೋಡೆಯ ಮೇಲಿದ್ದಳು. ಮನೆಯಲ್ಲಿ ಬೀರುವಿನ ಪಕ್ಕದ ಕತ್ತಲಲ್ಲಿದ್ದ ಶಾಲು ಇಲ್ಲಿ ದೀಪದ ಬೆಳಕಿಗೆ ಎಳೆ ಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ತಂಗಿ ಹೆಸರಿನ ಚೀಟಿ ಓದಿದಳು. ಸರಿಯಿತ್ತು. ಹೊರಡಬೇಕೆಂದು ತಿರುಗಿದಾಗ ಪಕ್ಕದ ಚಿತ್ರದ ಮೇಲೆ ಕಣ್ಣು ಬಿತ್ತು.

ಅದರಲ್ಲಿ ಬೇರೊಬ್ಬ ಹೆಂಗಸಿದ್ದಳು. ಅಗಲ ಹಣೆ, ದಪ್ಪ ಹುಬ್ಬು, ಕಂದು ಶಾಲು. ಬಲಗೈ ಮೇಲೆ ಎಡಗೈ. ನಡುಬೆರಳಲ್ಲಿ ಕೆಂಪು ಹರಳಿನ ಉಂಗುರ.

ತಂಗಿಗೆ ಮೊದಲು ಅನಿಸಿದ್ದು ಒಂದೇ: ಅಕ್ಕ ಉಂಗುರವನ್ನು ಇವರಿಗೆ ಮಾರಿದ್ದಾಳೆ.

“ಚೆನ್ನಾಗಿ ಬಂದಿದ್ದಾಳೆ ಅಲ್ವಾ ನಮ್ಮಮ್ಮ?” ಎಂದು ಹಿಂದಿನಿಂದ ಯಾರೋ ಕೇಳಿದರು. ನಿವೃತ್ತ ಬಸ್ ಡ್ರೈವರ್. ಅವಳ ಅಂಗಡಿಯ ಹಳೆಯ ಗಿರಾಕಿ. ದೂರದ್ದಕ್ಕೊಂದು, ಓದುವುದಕ್ಕೊಂದು ಕನ್ನಡಕ ಮಾಡಿಸಿಕೊಂಡು ಎರಡನ್ನೂ ಮನೆಯಲ್ಲೇ ಬಿಟ್ಟು ಓಡಾಡುವ ಮನುಷ್ಯ.

“ಡ್ರೈವರಣ್ಣ, ಆ ಉಂಗುರ ಯಾರದು?”

“ಯಾರದು ಅಂದ್ರೆ? ಕೈ ಯಾರದೋ ಅವರದು.”

“ಈಗ ಎಲ್ಲಿದೆ?”

“ಬಾವೀಲಿ.”

“ಬಾವೀಲಿ?”

“ನೀರು ಸೇದುವಾಗ ಜಾರಿ ಬಿತ್ತಂತೆ. ನಾವು ಅಣ್ಣತಮ್ಮಂದಿರು ದೊಡ್ಡೋರಾದ ಮೇಲೆ ಬಾವಿ ಬತ್ತಿಸಿ ಹುಡುಕಿದ್ವಿ ಮೇಡಂ. ಮೂರು ಕೊಡ, ಒಂದು ಚಪ್ಪಲಿ, ಪಕ್ಕದ ಮನೆಯೋರ ಬೀಗದ ಕೈ ಎಲ್ಲ ಸಿಕ್ತು. ಉಂಗುರ ಸಿಗ್ಲಿಲ್ಲ. ಯಾಕೆ ಕೇಳ್ತೀರಿ?”

“ಬಾವಿಗೆ ಬಿತ್ತು ಅಂತ ನಿಮಗೆ ಹೇಳಿದ್ದು ಯಾರು?”

ಡ್ರೈವರ್ ಯೋಚಿಸಿದರು. “ಯಾರಾದ್ರೂ ಹೇಳಿರ್ತಾರೆ,” ಎಂದರು. “ಇಲ್ದೆ ಹೋದ್ರೆ ನಮಗೆ ಹೇಗೆ ಗೊತ್ತಾಗುತ್ತೆ?”

ಅವರ ತಾಯಿ ತೀರಿಕೊಂಡದ್ದು ಅಕ್ಕ ಹುಟ್ಟುವುದಕ್ಕೂ ಮುಂಚೆ ಎಂಬುದು ಮಾತಿನಲ್ಲಿ ಗೊತ್ತಾಯಿತು. ಅಲ್ಲಿಗೆ ಅಕ್ಕ ಮಾರಿದಳೆಂಬ ಊಹೆ ನಿಲ್ಲಲಿಲ್ಲ. ಹಾಗಾದರೆ ಬಾವಿಗೆ ಬಿದ್ದ ಉಂಗುರವನ್ನು ಯಾರೋ ಮೊದಲೇ ಎತ್ತಿ ತಂದೆಗೆ ಮಾರಿದ್ದರೆ? ತಂದೆ ಅದನ್ನು ತಾಯಿಗೆ ತೊಡಿಸಿದ್ದರೆ? ತಂಗಿ ಈ ಹೊಸ ಊಹೆಯನ್ನು ನೇರ ಮಾಡಿಕೊಳ್ಳುವಷ್ಟರಲ್ಲಿ, ಗೋಡೆಗೆ ಒರಗಿಸಿಟ್ಟ ಇನ್ನೊಂದು ಚಿತ್ರ ಕಂಡಿತು. ಔಷಧಿ ಅಂಗಡಿಯವರ ಅಜ್ಜಿ. ನೀಲಿ ಶಾಲು. ಅದೇ ಕೈ, ಅದೇ ಉಂಗುರ. ಆಚೆ ಕಡೆ ಯಾರದೋ ಅತ್ತೆ. ಬೂದು ಶಾಲು. ಅದೇ ಕೈ.

ಅವಳ ಚೀಲದಲ್ಲಿ, ಎರಡು ಕಣ್ಣಿನ ನಡುವಿನ ಅಂತರ ಅಳೆಯುವ ಪುಟ್ಟ ಅಳತೆಪಟ್ಟಿ ಯಾವಾಗಲೂ ಇರುತ್ತಿತ್ತು. ಅದನ್ನು ತೆಗೆದು ತಾಯಿಯ ಉಂಗುರದ ಹರಳಿನಿಂದ ಕುರ್ಚಿಯ ಕೈಯವರೆಗೆ ಅಳೆದಳು. ಪಕ್ಕದ ಚಿತ್ರದಲ್ಲೂ ಅಳೆದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಕುರ್ಚಿಯ ಕೈಯಲ್ಲಿ ಒಂದು ಕಡೆ ಚಕ್ಕೆ ಎದ್ದಿತ್ತು. ಎಲ್ಲ ಕುರ್ಚಿಗಳಲ್ಲೂ ಅದೇ ಕಡೆ ಎದ್ದಿತ್ತು.

“ಮೇಡಂ, ಚಿತ್ರ ಮುಟ್ಟಬೇಡಿ,” ಎಂದು ಏಣಿಯ ಮೇಲಿಂದ ಬಡಗಿ ಹೇಳಿದ.

ಅಷ್ಟರಲ್ಲಿ ನಿರ್ದೇಶಕಿ ಬಂದರು. ತಂಗಿಯ ಕೈಯಲ್ಲಿದ್ದ ಅಳತೆಪಟ್ಟಿ ನೋಡಿ ಅವರ ಮುಖ ಸಣ್ಣದಾಯಿತು.

“ನೀವೂ ನೋಡಿಬಿಟ್ರಾ?” ಎಂದರು. “ಬೇರೆ ಬೇರೆ ದಿನ ಬಂದ ಚಿತ್ರಗಳು. ಉಗ್ರಾಣದಲ್ಲಿ ಬಟ್ಟೆ ಸುತ್ತಿ ಇಟ್ಟಿದ್ವಿ. ಇವತ್ತು ಬೆಳಿಗ್ಗೆ ಸಾಲಾಗಿ ನಿಲ್ಲಿಸಿದಾಗ ನನ್ನ ತಲೆಯೇ ತಿರುಗಿತು. ಒಂದೇ ಹೆಂಗಸು ನಾಲ್ಕಾರು ಮನೆಗೆ ತಾಯಿಯಾಗಿದ್ಲೇನೋ ಅಂತ ಒಂದು ಕ್ಷಣ ಅನ್ನಿಸ್ತು.”

“ನಮ್ಮಮ್ಮನ ಬಗ್ಗೆ ಹಾಗೆಲ್ಲ ಮಾತಾಡಬೇಡಿ,” ಎಂದರು ಡ್ರೈವರ್.

ಇಷ್ಟು ವರ್ಷ ಇದು ಯಾರಿಗೂ ಗೊತ್ತಾಗದಿರಲು ಕಾರಣ ಸರಳವಾಗಿತ್ತು. ತೀರಿಹೋದವರ ಚಿತ್ರವನ್ನು ಜನ ಒಳಮನೆಯಲ್ಲಿ ಹಾಕುತ್ತಾರೆ. ಬೇರೆಯವರ ಮನೆಗೆ ಹೋದವರು ಅದನ್ನು ನೋಡಿದರೂ ಮುಖವನ್ನಷ್ಟೇ ನೋಡಿ, “ನಿಮ್ಮಮ್ಮ ಅಲ್ವಾ?” ಎಂದು ಕೇಳಿ ಕಣ್ಣು ಆಚೆ ತಿರುಗಿಸುತ್ತಾರೆ. ಕೈಯನ್ನು ಯಾರೂ ನೋಡುವುದಿಲ್ಲ. ಎಲ್ಲ ಕೈಗಳೂ ಒಂದೇ ಗೋಡೆಗೆ ಬರಲು ಈ ಪ್ರದರ್ಶನವೇ ಆಗಬೇಕಾಯಿತು.

ಮರುದಿನ ಸಂಜೆ ನಿರ್ದೇಶಕಿ ಆ ಚಿತ್ರಗಳ ಮನೆಯವರನ್ನೆಲ್ಲ ಕರೆಸಿದರು. ಹಲ್ಲಿನ ಡಾಕ್ಟರನ್ನೂ ಕರೆಸಿದರು. ಆಕೆ ಚಿತ್ರಗಳನ್ನು ಬರೆದವರ ಮಗಳು. ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ಆ ತಂದೆಯನ್ನು ಊರು ‘ಬ್ರಷ್ ಮೇಷ್ಟ್ರು’ ಎನ್ನುತ್ತಿತ್ತು. ಡಾಕ್ಟರು ಕೋಣೆಯ ನಡುವೆ ನಿಂತು ಗೋಡೆಯನ್ನೊಮ್ಮೆ ನೋಡಿ ಜೋರಾಗಿ ನಕ್ಕರು. ಬೇರೆ ಯಾರೂ ನಗಲಿಲ್ಲ.

“ಕ್ಷಮಿಸಿ,” ಎಂದರು. “ನಿಮಗೆ ಇದು ಗೊತ್ತಿಲ್ಲ ಅಂತ ನನಗೆ ಗೊತ್ತಿರಲಿಲ್ಲ. ಶಾಲೆಗೆ ರಜೆ ಬಂದಾಗ ಅಪ್ಪ ಮೈ ಬರೆದಿಡ್ತಿದ್ರು. ಕುರ್ಚಿ, ಶಾಲು, ಕೈ ಎಲ್ಲ. ಮುಖದ ಜಾಗ ಖಾಲಿ. ನಮ್ಮನೆ ನಡುಮನೇಲಿ ತಲೆಯಿಲ್ಲದ ಹೆಂಗಸರು ಸಾಲಾಗಿ ಒಣಗ್ತಿದ್ರು. ನಾನು ಅವರ ಮಧ್ಯೆ ಕೂತೇ ಮಗ್ಗಿ ಕಲಿತಿದ್ದು. ಯಾರಾದ್ರೂ ಬಂದು ಸಣ್ಣ ಫೋಟೋ ಕೊಟ್ರೆ ಮುಖ ಬರೆದು, ಶಾಲಿಗೆ ಕೇಳಿದ ಬಣ್ಣ ಹಚ್ಚಿ ಕೊಡ್ತಿದ್ರು.”

“ಗಂಡಸರಿಗೆ?” ಎಂದು ಡ್ರೈವರ್ ಕೇಳಿದರು.

“ಗಂಡಸರಿಗೆ ಬೇರೆ ಮೈ. ಕೈಯಲ್ಲಿ ಪುಸ್ತಕ.”

“ಅಯ್ಯೋ ದೇವರೇ,” ಎಂದು ಡ್ರೈವರ್ ಕುರ್ಚಿಯ ಮೇಲೆ ಕೂತರು. “ನಮ್ಮಪ್ಪಂಗೆ ಓದೋಕೆ ಬರ್ತಿರಲಿಲ್ಲ. ಚಿತ್ರ ನೋಡಿ ನಾವು, ಕದ್ದು ಕಲಿತಿದ್ರೇನೋ ಅಂದ್ಕೊಂಡಿದ್ವಿ. ನನ್ನ ತಮ್ಮ ಭಾಷಣದಲ್ಲೆಲ್ಲ ಹೇಳ್ತಾನೆ, ನಮ್ಮ ತಂದೆ ಸ್ವಂತ ಶ್ರಮದಿಂದ ಅಕ್ಷರ ಕಲಿತೋರು ಅಂತ.”

ಈಗ ಒಂದಿಬ್ಬರು ನಕ್ಕರು. ತಂಗಿ ನಗಲಿಲ್ಲ.

“ಉಂಗುರ?” ಎಂದಳು. “ಉಂಗುರ ಯಾಕೆ ಬರೆದ್ರು?”

“ಕೈ ಬರಿದಾಗಿ ಕಾಣ್ತಿತ್ತು ಅಂತ ಇರಬೇಕು,” ಎಂದರು ಡಾಕ್ಟರು. “ಎಲ್ಲೋ ಒಂದು ಕಡೆ ಕೆಂಪು ಚುಕ್ಕೆ ಬಿದ್ರೆ ಚಿತ್ರ ಏಳುತ್ತೆ ಅಂತಿದ್ರು ಅಪ್ಪ. ಅದು ನಿಜವಾದ ಉಂಗುರ ಅಲ್ಲ. ನಮ್ಮಮ್ಮನ ಹತ್ರಾನೂ ಅಂಥದ್ದು ಇರಲಿಲ್ಲ.”

ಔಷಧಿ ಅಂಗಡಿಯವರು ಎದ್ದು ತಮ್ಮ ಅಜ್ಜಿಯ ಚಿತ್ರದ ಮುಂದೆ ನಿಂತರು. “ನಮ್ಮನೇಲಿ ಅದನ್ನ ಕೆಲಸದಾಕೆ ಕದ್ಲು ಅಂತ ಬಿಡಿಸಿದ್ರು,” ಎಂದರು. “ನಾನು ಚಿಕ್ಕವನು. ಅವಳು ಅಳ್ತಾ ಹೋಗಿದ್ದು ನೆನಪಿದೆ.” ಆಮೇಲೆ ಬಡಗಿಯ ಕಡೆ ತಿರುಗಿ, “ಇದನ್ನ ಇಳಿಸಿಬಿಡಪ್ಪ, ತಗೊಂಡು ಹೋಗ್ತೀನಿ,” ಎಂದರು.

ಬೂದು ಶಾಲಿನ ಅತ್ತೆಯ ಕಡೆಯವರೂ ಎದ್ದರು. ಊರೆಲ್ಲ ನಗುವುದಕ್ಕೆ ನಮ್ಮತ್ತೆಯೇ ಬೇಕಿತ್ತಾ ಎಂಬುದು ಅವರ ಪ್ರಶ್ನೆ. ನಿರ್ದೇಶಕಿ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ ಅಷ್ಟೆ. ಬೇಕಾದರೆ ಒಂದೊಂದನ್ನು ಒಂದೊಂದು ಕೋಣೆಯಲ್ಲಿ ಹಾಕುತ್ತೇನೆ, ಯಾರಿಗೂ ತಿಳಿಯುವುದಿಲ್ಲ ಎಂದರು. ಒಂದೇ ಸಾಲಿನಲ್ಲಿ ಹಾಕಿ, ಇದ್ದದ್ದನ್ನು ಇದ್ದ ಹಾಗೆ ಬರೆದರೆ ಜನ ಮುಗಿಬೀಳುತ್ತಾರೆ ಎಂದೂ ಹೇಳಿದರು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರಿಂದ ಅವರ ಮನಸ್ಸು ಯಾವುದರ ಕಡೆಗಿದೆಯೆಂದು ಯಾರಿಗೂ ಗೊತ್ತಾಗಲಿಲ್ಲ. ಅವರಿಗೂ ಗೊತ್ತಿದ್ದಂತಿರಲಿಲ್ಲ. ಗೊತ್ತಿದ್ದದ್ದು ಒಂದೇ: ಈ ಗೋಡೆ ಖಾಲಿಯಾದರೆ ಪ್ರದರ್ಶನವಿಲ್ಲ, ಪ್ರದರ್ಶನವಿಲ್ಲದಿದ್ದರೆ ಕಡತಗಳು ಬರುತ್ತವೆ.

“ನಮ್ಮಮ್ಮ ಇಲ್ಲೇ ಇರ್ತಾಳೆ,” ಎಂದರು ಡ್ರೈವರ್. “ಬಾವಿ ಬತ್ತಿಸಿದ ಮೇಲೆ ನೀರು ಎಷ್ಟು ಚೆನ್ನಾಯ್ತು ಗೊತ್ತಾ? ಅದೇನು ಕಮ್ಮಿ ಉಪಕಾರವಾ? ನಿಮ್ಮದೇನು, ಕನ್ನಡಕದ ಮೇಡಂ?”

“ನಂದನ್ನೂ ಇಳಿಸಿ,” ಎಂದಳು ತಂಗಿ.

ಊರು ನಗುವುದರ ಬಗ್ಗೆ ಅವಳಿಗೆ ಚಿಂತೆಯಿರಲಿಲ್ಲ. ಅಕ್ಕ ನೋಡುತ್ತಾಳೆ ಎಂಬುದೇ ಚಿಂತೆ. ಅಕ್ಕ ಈ ಗೋಡೆಯ ಮುಂದೆ ನಿಂತರೆ ಸಾಕು, ಯಾರೂ ಏನೂ ಹೇಳಬೇಕಾಗಿಲ್ಲ. ಇಲ್ಲದ ಉಂಗುರಕ್ಕೆ ಇದ್ದ ಅಕ್ಕನನ್ನು ಕಳ್ಳಿ ಎಂದವಳು ತಾನು. ಆದರೆ ಉಂಗುರ ಇಲ್ಲದಿದ್ದರೆ ಕೆನ್ನೆಗೆ ತಾಗಿದ್ದು ಏನು? ಬಹುಶಃ ಮೇಷ್ಟ್ರು ಎಲ್ಲರಿಗೂ ಸುಳ್ಳು ಉಂಗುರ ಬರೆದಿದ್ದರೂ ತನ್ನ ತಾಯಿಗೆ ಮಾತ್ರ ನಿಜವಾಗಿಯೂ ಅಂಥದ್ದೇ ಒಂದು ಇದ್ದಿರಬಹುದು. ಹಾಗೆ ಆಗಬಾರದೆಂದೇನೂ ಇಲ್ಲವಲ್ಲ. ಹೀಗೆ ಯೋಚಿಸುವಾಗಲೇ ಅವಳಿಗೆ ಅನಿಸಿತು, ಇದು ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟೆನ್ನುವ ಮಾತು.

ನಿರ್ದೇಶಕಿ ಅವಳನ್ನು ಬಾಗಿಲವರೆಗೆ ಬಿಡಲು ಬಂದರು. “ಇಳಿಸ್ತೀನಿ. ಆದರೆ ನಾಳೆವರೆಗೆ ಯೋಚನೆ ಮಾಡಿ. ನಿಮ್ಮ ಮನೇಲಿ ಇನ್ಯಾರನ್ನಾದ್ರೂ ಕೇಳಬೇಕಾ?”

“ಕೇಳೋಕೆ ಯಾರೂ ಇಲ್ಲ,” ಎಂದು ತಂಗಿ ಹೇಳಿದಳು. ಬೀದಿಗೆ ಇಳಿದ ಮೇಲೆ ಆ ಮಾತು ಅವಳ ಕಿವಿಗೇ ಚುಚ್ಚಿತು.

ಮರುದಿನ ಬೆಳಿಗ್ಗೆ ಅವಳು ಅಂಗಡಿ ತೆರೆಯಲಿಲ್ಲ. ಸೇತುವೆ ದಾಟಿ ಅಕ್ಕನ ಲಾಂಡ್ರಿಗೆ ಹೋದಳು. ತಾಯಿ ಬಟ್ಟೆ ಒಗೆಯುತ್ತಿದ್ದದ್ದೂ ಅಲ್ಲೇ, ಅಕ್ಕ ಓದು ಬಿಟ್ಟು ಕೆಲಸಕ್ಕೆ ಸೇರಿದ್ದೂ ಅಲ್ಲೇ. ಈಗ ಅದನ್ನು ನಡೆಸುವವಳು ಅಕ್ಕ. ಯಂತ್ರಗಳು ಬಂದಿದ್ದರೂ, ಯಂತ್ರಕ್ಕೆ ಹಾಕಲಾಗದ ಬಟ್ಟೆಯನ್ನು ಇನ್ನೂ ಕಲ್ಲಿನ ತೊಟ್ಟಿಯಲ್ಲಿ ಕೈಯಲ್ಲೇ ಒಗೆಯುತ್ತಿದ್ದರು. ಅಕ್ಕ ಮೊಣಕೈವರೆಗೆ ತೊಟ್ಟಿಯೊಳಗಿದ್ದಳು. ತಂಗಿಯನ್ನು ನೋಡಿದಳು, ನೀರಿನಿಂದ ಕೈ ತೆಗೆಯಲಿಲ್ಲ.

“ಏನು, ಬಟ್ಟೆ ಕೊಡೋಕೆ ಬಂದ್ಯಾ? ಕನ್ನಡಕ ಮಾರೋಕಾ?”

“ನಿನ್ನ ಕನ್ನಡಕ ಸೊಟ್ಟಗಾಗಿದೆ.”

“ನನ್ನ ಮೂಗೇ ಸೊಟ್ಟ. ಬಂದ ವಿಷಯ ಹೇಳು.”

ತಂಗಿ ಹೇಳಿದಳು. ವರ್ಷಗಟ್ಟಲೆ ಮಾತಾಡದವಳಿಗೆ ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಮಧ್ಯದಿಂದ ಶುರು ಮಾಡಿದಳು. ತಲೆಯಿಲ್ಲದ ಹೆಂಗಸರು ಮೊದಲು ಬಂದರು, ಬಾವಿ ಆಮೇಲೆ ಬಂತು, ಮ್ಯೂಸಿಯಂ ಕೊನೆಗೆ ಬಂತು. ಅಕ್ಕ ಎರಡು ಸಲ ಮೊದಲಿನಿಂದ ಹೇಳಿಸಿಕೊಂಡಳು. ಎಲ್ಲ ಮುಗಿದ ಮೇಲೆ ತಂಗಿ, “ಉಂಗುರ ಇರಲೇ ಇಲ್ಲ ಅಂತಾರೆ. ನಾನು ನಿನ್ನನ್ನ… ತಪ್ಪಾಯ್ತು ಅಕ್ಕ,” ಎಂದಳು.

ಅಕ್ಕನ ಮುಖ ಹಗುರಾಗುತ್ತದೆ ಎಂದು ಅವಳು ಎಣಿಸಿದ್ದಳು. ಅದು ಕೆಂಪಾಯಿತು.

“ಇರಲಿಲ್ಲ ಅಂದ್ರೆ ಏನರ್ಥ? ಇತ್ತು. ಅಮ್ಮನ ಕೈಯಲ್ಲಿ ನಾನು ನೋಡಿದ್ದೀನಿ. ನೀನು ತಗೊಂಡಿದ್ದು ಅಂತ ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ.”

“ನಾನಾ?”

“ಇನ್ಯಾರು? ಚಿಕ್ಕವಳು, ಆಟ ಆಡ್ತಾ ಎಲ್ಲೋ ಕಳೆದಿರ್ತಾಳೆ, ಅಪ್ಪಂಗೆ ಗೊತ್ತಾದ್ರೆ ಹೊಡೀತಾರೆ ಅಂತ ಸುಮ್ಮನಿದ್ದೆ. ದೊಡ್ಡವಳಾದ ಮೇಲೆ ನೀನೇ ಬಂದು ‘ಉಂಗುರ ಎಲ್ಲಿ’ ಅಂತ ನನ್ನನ್ನ ಕೇಳಿದೆಯಲ್ಲ, ಆಗ ಹೊಟ್ಟೆ ಉರಿದುಹೋಯ್ತು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ. ನೀನು ನಿನ್ನ ಹೆಗಲು ಬಿಟ್ಟು ನನ್ನ ಹೆಗಲು ಮುಟ್ಟಿ ನೋಡ್ತಿದ್ದೀಯ ಅನ್ನಿಸ್ತು.”

ತಂಗಿ ಬಂದ ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಈಗ ಇನ್ನೊಬ್ಬಳೂ ತನ್ನಷ್ಟೇ ತಪ್ಪು ಮಾಡಿದ್ದಾಳೆಂದು ತಿಳಿದು ಹಗುರವಾಗಬೇಕೋ, ತನ್ನನ್ನೂ ಕಳ್ಳಿ ಎಂದುಕೊಂಡಿದ್ದಕ್ಕೆ ಸಿಟ್ಟಾಗಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಆದವು.

“ನೋಡಿದ್ದೀನಿ ಅಂತೀಯಲ್ಲ,” ಎಂದಳು ಕೊನೆಗೆ, “ಎಲ್ಲಿ ನೋಡಿದ್ದೆ? ಅಮ್ಮ ಏನು ಮಾಡ್ತಿದ್ಲು ಆಗ?”

ಅಕ್ಕ ಬಾಯಿ ತೆರೆದಳು. ತೊಟ್ಟಿಯ ನೀರನ್ನು ನೋಡಿದಳು. “ಕೂತಿದ್ಲು,” ಎಂದಳು. “ಕುರ್ಚಿ ಮೇಲೆ ಕೂತಿದ್ಲು.”

“ನಮ್ಮನೇಲಿ ಕುರ್ಚಿ ಎಲ್ಲಿತ್ತು ಅಕ್ಕ?”

ಅಕ್ಕ ತೊಟ್ಟಿಯಿಂದ ಕೈ ತೆಗೆದಳು. ಆಮೇಲೆ ಏಪ್ರನ್ನಿನ ಗಂಟು ಬಿಚ್ಚಿ, ಕೆಲಸದ ಹೆಂಗಸಿಗೆ ತೊಟ್ಟಿ ನೋಡಿಕೊಳ್ಳಲು ಹೇಳಿ, “ನಡಿ, ಅದೇನು ಗೋಡೆಯೋ ತೋರಿಸು,” ಎಂದಳು. ಕೈ ಒರೆಸಿಕೊಂಡಳೋ ಇಲ್ಲವೋ ಎನ್ನುವ ಹಾಗೆ ಒರೆಸಿಕೊಂಡಳು. ಸೇತುವೆಯ ಮೇಲೆ ಅಕ್ಕನೇ ಮುಂದೆ ನಡೆದಳು.

ಮ್ಯೂಸಿಯಂನಲ್ಲಿ ಒಂದೆರಡು ಮೊಳೆಗಳು ಬರಿದಾಗಿದ್ದವು. ಡ್ರೈವರ್ ಅವರ ತಾಯಿ ಇದ್ದಳು, ಇವರ ತಾಯಿ ಇನ್ನೂ ಇದ್ದಳು. ಔಷಧಿ ಅಂಗಡಿಯವರ ಅಜ್ಜಿ ನಿನ್ನೆ ಹೋದವಳು ಈಗ ಮತ್ತೆ ಬಂದು ಗೋಡೆಗೆ ಒರಗಿದ್ದಳು. ಆ ಕೆಲಸದಾಕೆಯ ಮಗಳು ಇದೇ ಊರಿನಲ್ಲಿದ್ದಾಳಂತೆ, ಅವಳನ್ನು ಕರೆತಂದು ತೋರಿಸಬೇಕು, ಅದಕ್ಕೆ ಚಿತ್ರ ಇಲ್ಲೇ ಇರಬೇಕು ಎಂದು ಅವರು ಬೆಳಿಗ್ಗೆ ಬಂದು ಹೇಳಿ ಹೋದರಂತೆ. ನಿರ್ದೇಶಕಿ ಇದನ್ನು ಹೇಳುವಾಗ, ಸಂತೋಷದ ಸುದ್ದಿಯೋ ಅಲ್ಲವೋ ಎಂದು ತಿಳಿಯದವರ ಹಾಗೆ ಮೆಲ್ಲಗೆ ಹೇಳಿದರು.

ಅಕ್ಕ ಯಾವ ಮುಖವನ್ನೂ ನೋಡಲಿಲ್ಲ. ಗೋಡೆಯ ಉದ್ದಕ್ಕೂ ನಡೆದು ಕೈಗಳನ್ನಷ್ಟೇ ನೋಡಿದಳು. ತಾಯಿಯ ಚಿತ್ರದ ಮುಂದೆ ಬಂದು ನಿಂತು, ತನ್ನ ಎಡಗೈಯನ್ನು ಎತ್ತಿ, ಚಿತ್ರದ ಕೈಯ ಪಕ್ಕಕ್ಕೆ ಹಿಡಿದಳು. ಚಿತ್ರದ ಬೆರಳು ನೀಳವಾಗಿ ತುದಿಯಲ್ಲಿ ಸಪೂರವಾಗಿತ್ತು. ಅಕ್ಕನ ಬೆರಳಿನ ಗಿಣ್ಣುಗಳು ಊದಿದ್ದವು, ಉಗುರಿನ ಸುತ್ತ ಚರ್ಮ ಬಿಳಿಚಿ ಒಡೆದಿತ್ತು.

“ಇದು ಬಟ್ಟೆ ಒಗೆದ ಕೈ ಅಲ್ಲ,” ಎಂದಳು.

ತಂಗಿ ಒಂದು ಕೈಯಿಂದ ಇನ್ನೊಂದಕ್ಕೆ ಕಣ್ಣು ಹಾಯಿಸಿದಳು.

“ನನ್ನ ಉಂಗುರ ಡ್ರಾಯರ್‌ನಲ್ಲಿದೆ. ಲಾಂಡ್ರಿಗೆ ಸೇರಿದ ವರ್ಷವೇ ತೆಗೆದಿಟ್ಟೆ. ಬಟ್ಟೆ ಎಳೆಗೆ ಸಿಕ್ಕಿ ಹರಿಯುತ್ತೆ. ಗಿಣ್ಣು ಊದಿದ ಮೇಲೆ ಹತ್ತೋದೂ ಇಲ್ಲ, ಹತ್ತಿದ್ರೆ ಇಳಿಯೋದೂ ಇಲ್ಲ. ತೊಟ್ಟೀಲಿ ಕೈಯಿಡೋ ಯಾರೂ ಉಂಗುರ ಹಾಕಲ್ಲ ಕಣೇ. ದಿನಾ ಅದೇ ಕೆಲಸ ಮಾಡ್ತೀನಿ. ಒಂದು ದಿನ ಆದ್ರೂ ತಲೆಗೆ ಹೊಳೀಲಿಲ್ಲ ನೋಡು.”

“ಆದರೆ ನನ್ನ ಕೆನ್ನೆಗೆ ತಾಗ್ತಿತ್ತು,” ಎಂದಳು ತಂಗಿ. ಅವಳ ದನಿ ಅವಳಿಗೇ ಚಿಕ್ಕ ಹುಡುಗಿಯದರಂತೆ ಕೇಳಿಸಿತು. “ಮುಖ ಒರೆಸುವಾಗ. ತಣ್ಣಗೆ ಇರ್ತಿತ್ತು.”

“ಅಮ್ಮನ ಕೈ ಯಾವತ್ತು ಬೆಚ್ಚಗಿತ್ತು? ಇಡೀ ದಿನ ನೀರಲ್ಲೇ ಇರ್ತಿತ್ತಲ್ಲ.”

“ಗಟ್ಟಿಯಾಗಿತ್ತು ಅಕ್ಕ. ಚಿಕ್ಕದು, ಗಟ್ಟಿ.”

ಅಕ್ಕ ಕೈ ಮುಷ್ಟಿ ಮಾಡಿ, ನಡುಬೆರಳಿನ ಗಿಣ್ಣನ್ನು ತಂಗಿಯ ಕೆನ್ನೆಗೆ ಒತ್ತಿದಳು. ಲಾಂಡ್ರಿಯಿಂದ ನೇರ ಬಂದ ಕೈ. ತಣ್ಣಗಿತ್ತು. ಗಟ್ಟಿಯಾಗಿತ್ತು.

ತಂಗಿ ಕಣ್ಣು ಮುಚ್ಚಿ ನೋಡಿದಳು. ಅದೇ ಎಂದು ಹೇಳಲು ಆಗಲಿಲ್ಲ, ಅಲ್ಲ ಎಂದು ಹೇಳಲೂ ಆಗಲಿಲ್ಲ. ಅಂಗಡಿಯಲ್ಲಿ ಒಂದಾದ ಮೇಲೊಂದು ಗಾಜು ಬದಲಿಸಿ, ಇದು ಚೆನ್ನಾಗಿದೆಯಾ, ಇದಾ ಎಂದು ಕೇಳುತ್ತಾ ಹೋದಾಗ ಗಿರಾಕಿಗಳು ಒಂದು ಹಂತದಲ್ಲಿ, “ಎರಡೂ ಒಂದೇ ಥರ ಇದೆ ಮೇಡಂ,” ಎಂದು ಬಿಡುತ್ತಾರೆ. ಅವರು ಸುಸ್ತಾಗಿ ಹಾಗೆ ಹೇಳುತ್ತಾರೆಂದು ಅವಳು ಅಂದುಕೊಂಡಿದ್ದಳು.

“ಇನ್ನೊಂದು ಸಲ,” ಎಂದಳು.

ಅಕ್ಕ ಇನ್ನೊಂದು ಸಲ ಒತ್ತಿದಳು. ಈ ಸಲ ಸ್ವಲ್ಪ ಜೋರಾಗಿಯೇ ಒತ್ತಿದಳು. “ಇದು ‘ಕಳ್ಳಿ’ ಅಂದಿದ್ದಕ್ಕೆ,” ಎಂದಳು.

ನಿರ್ದೇಶಕಿ ಎರಡು ಹೆಜ್ಜೆ ದೂರದಲ್ಲಿ ನಿಂತು ಕಾಯುತ್ತಿದ್ದರು. “ಇಳಿಸಲಾ?” ಎಂದು ಕೇಳಿದರು. “ಇಲ್ಲ ಬೇರೆ ಕೋಣೇಲಿ ಹಾಕಲಾ?”

ತಂಗಿ ಅಕ್ಕನನ್ನು ನೋಡಿದಳು. ಚಿತ್ರ ತನ್ನ ಪಾಲಿನದು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದವಳು, ಈಗ ಉತ್ತರವನ್ನು ಅಕ್ಕನಿಗೆ ಬಿಟ್ಟಳು.

“ಇಲ್ಲೇ ಇರಲಿ,” ಎಂದಳು ಅಕ್ಕ. “ಈ ಸಾಲಲ್ಲೇ. ಕೆಳಗೆ ಮಾತ್ರ ಸರಿಯಾಗಿ ಬರೀರಿ. ಮುಖ ನಮ್ಮಮ್ಮಂದು, ಕೈ ನಮ್ಮಮ್ಮಂದಲ್ಲ ಅಂತ.”

“ಮುಖ ಅಮ್ಮಂದೇ ತಾನೇ?” ಎಂದಳು ತಂಗಿ.

ಮೇಷ್ಟ್ರಿಗೆ ಕೊಟ್ಟ ಸಣ್ಣ ಫೋಟೋ ವಾಪಸ್ ಬಂದಿರಲಿಲ್ಲ. ತಾಳೆ ನೋಡಲು ಮನೆಯಲ್ಲಿ ಬೇರೆ ಏನೂ ಇರಲಿಲ್ಲ. ಅಕ್ಕ ಮೊದಲ ಬಾರಿಗೆ ತಲೆಯೆತ್ತಿ ಚಿತ್ರದ ಮುಖವನ್ನು ನೋಡಿದಳು. ಹತ್ತಿರ ಹೋದಳು, ಹಿಂದೆ ಸರಿದಳು, ಕನ್ನಡಕವನ್ನು ಮೂಗಿನ ಮೇಲೆ ಎತ್ತಿ ಹಿಡಿದಳು.

“ಕೊಡು ಇಲ್ಲಿ,” ಎಂದು ತಂಗಿ ಆ ಕನ್ನಡಕವನ್ನು ಅಕ್ಕನ ಮುಖದಿಂದ ತೆಗೆದಳು. ಒಂದು ಕಡೆಯ ಕಡ್ಡಿ ಬಾಗಿತ್ತು, ಗಾಜಿನ ಮೇಲೆ ಸೋಪಿನ ಕಲೆಯಿತ್ತು. ಸೆರಗಿಗೂ ಶಾಲಿಗೂ ಕೈ ಹಾಕದೆ, ಚೀಲದಿಂದ ಮೆತ್ತನೆಯ ಬಟ್ಟೆ ತೆಗೆದು ಗಾಜು ಒರೆಸಿದಳು. ಹೆಬ್ಬೆರಳಿನಿಂದ ಕಡ್ಡಿಯನ್ನು ಒತ್ತಿ ನೇರ ಮಾಡಿ, ಅಕ್ಕನ ಕಿವಿಯ ಹಿಂದೆ ಕೂರಿಸಿ, ಎರಡು ಕಡೆಯೂ ಸಮನಾಗಿದೆಯೇ ಎಂದು ಎದುರು ನಿಂತು ನೋಡಿದಳು. ಇಷ್ಟು ಹತ್ತಿರದಿಂದ ಅಕ್ಕನ ಮುಖ ನೋಡಿ ಬಹಳ ಕಾಲವಾಗಿತ್ತು. ಚಿತ್ರದ ಮುಖಕ್ಕೂ ಇದಕ್ಕೂ ಹೋಲಿಕೆಯಿದೆ ಅನಿಸಿತು. ಅನಿಸಿದ್ದನ್ನು ನಂಬಲು ಈಗ ಧೈರ್ಯ ಬರಲಿಲ್ಲ.

ಅಕ್ಕ ಮತ್ತೆ ಚಿತ್ರದ ಕಡೆ ತಿರುಗಿದಳು.

“ಕಣ್ಣು ಅಮ್ಮಂದೇ,” ಎಂದಳು. “ಹಣೆಯೂ ಹೌದು. ಮೂಗು ಮಾತ್ರ…”

“ಮೂಗಿಗೆ ಏನಾಗಿದೆ?”

“ನೋಡು ಸರಿಯಾಗಿ. ಡ್ರೈವರಣ್ಣನ ಅಮ್ಮನ ಮೂಗು ನೋಡು, ಆಮೇಲೆ ಇದನ್ನ ನೋಡು.”

ತಂಗಿ ಆ ಮೂಗು ನೋಡಿದಳು, ಈ ಮೂಗು ನೋಡಿದಳು, ಚೀಲದಲ್ಲಿ ಅಳತೆಪಟ್ಟಿಗೆ ತಡಕಾಡಿದಳು. ಇಬ್ಬರೂ ಒಟ್ಟಿಗೆ ಮುಂದಕ್ಕೆ ಬಾಗಿದರು.

“ಚಿತ್ರ ಮುಟ್ಟಬೇಡಿ ಅಂತ ಎಷ್ಟು ಸಲ ಹೇಳ್ಬೇಕು?” ಎಂದ ಬಡಗಿ ಏಣಿಯ ಮೇಲಿಂದ.